ಕುರಿ ಹೇರುವ ಮುನ್ನ: ಸಂತೆಯಿಂದ ಇಳಿಸುವ ತನಕ ಜೀವ, ತೂಕ ಎರಡೂ ಉಳಿಯಬೇಕಾದರೆ

ಬಾಗಲಕೋಟೆ ಜಿಲ್ಲೆಯ ಅಮೀನಗಡ ಸಂತೆಯಲ್ಲೋ ಕೆರೂರಿನಲ್ಲೋ ಟಗರು ಹಿಡಿದು ಮುಂಬೈಗೆ, ಗೋವಾಕ್ಕೆ ಕಳಿಸುವವರು ಹಗ್ಗ, ಹಲಗೆ ಹುಡುಕುವ ಮೊದಲು ಒಂದು ಲೆಕ್ಕ ಹಾಕಬೇಕು. ದರ ವಾರ ವಾರಕ್ಕೆ ಬೇರೆ. ಲೆಕ್ಕಕ್ಕೆ ಜೀವತೂಕ ಕಿಲೊಗೆ 400 ರೂಪಾಯಿ, ಒಂದು ಟಗರು 30 ಕಿಲೊ, ಲಾರಿ ಬಾಡಿಗೆ 24,000 ಎಂದು ಹಿಡಿಯೋಣ. 40 ಕುರಿ ಹೇರಿದರೆ ತಲೆಗೆ 600 ಬಾಡಿಗೆ ಬೀಳುತ್ತದೆ. ಅದೇ ಲಾರಿಗೆ 60 ತುರುಕಿದರೆ 400. ತಲೆಗೆ 200 ಉಳಿಯಿತು ಎಂದು ಖುಷಿಪಡುವವರು ಆ 200 ರೂಪಾಯಿ ಎಷ್ಟು ಜೀವತೂಕ ಎಂದು ನೋಡುವುದಿಲ್ಲ. ಅದು ಬರೀ ಅರ್ಧ ಕಿಲೊ. ಇಕ್ಕಟ್ಟಿನಿಂದಾಗಿ ಒಂದೊಂದು ಕುರಿ ಅರ್ಧ ಕಿಲೊ ಹೆಚ್ಚು ಇಳಿದರೆ ಉಳಿತಾಯ ಅಲ್ಲಿಗೆ ಮುಗಿಯಿತು. ಅರವತ್ತೂ ಕುರಿಯ ಮೇಲೆ ಉಳಿದದ್ದು ಒಟ್ಟು 12,000, ಅಂದರೆ ಸರಿಯಾಗಿ ಒಂದು ಟಗರಿನ ಬೆಲೆ. ದಾರಿಯಲ್ಲಿ ಒಂದೇ ಒಂದು ಕಾಲ್ತುಳಿತಕ್ಕೆ ಸಿಕ್ಕು ಸತ್ತರೂ ಇಪ್ಪತ್ತು ಕುರಿ ಹೆಚ್ಚಿಗೆ ತುಂಬಿದ್ದು ದಂಡ.

ಹಾಗಾಗಿ ಕುರಿಯ ಕಷ್ಟ ಬೇರೆ, ವ್ಯಾಪಾರಿಯ ನಷ್ಟ ಬೇರೆ ಎಂದು ತಿಳಿಯಬೇಡಿ. ಆ ಪ್ರಾಣಿ ಪಡುವ ಸಂಕಟದ ಬಹುಪಾಲು ಇಳಿಸುವ ಜಾಗದ ತಕ್ಕಡಿಯಲ್ಲಿ ಕಾಣಿಸುತ್ತದೆ.

ತೂಕ ಎಲ್ಲಿ ಹೋಗುತ್ತದೆ

ಮೇವು ನೀರಿಲ್ಲದೆ ಒಂದು ಹಗಲು ಒಂದು ರಾತ್ರಿ ಕಳೆದ ಕುರಿ ತನ್ನ ತೂಕದಲ್ಲಿ ನೂರಕ್ಕೆ 5ರಿಂದ 10 ಪಾಲು ಕಳೆದುಕೊಳ್ಳುತ್ತದೆ. 30 ಕಿಲೊದ ಟಗರಿಗೆ ಅದು ಒಂದೂವರೆಯಿಂದ ಮೂರು ಕಿಲೊ. ಇದರಲ್ಲಿ ಎರಡು ಬಗೆ. ಮೊದಲ ಹತ್ತು ಹನ್ನೆರಡು ಗಂಟೆಯಲ್ಲಿ ಹೋಗುವುದು ಹೆಚ್ಚಾಗಿ ಹೊಟ್ಟೆಯೊಳಗಿನ ಮೇವು, ಹಿಕ್ಕೆ, ಮೂತ್ರ. ಒಂದು ದಿನ ನೀರು, ಹೊಟ್ಟು ಕೊಟ್ಟರೆ ಅದು ಮರಳಿ ಬರುತ್ತದೆ. ಆಮೇಲೆ ಹೋಗುವುದು ಮೈಯ ನೀರು, ಮಾಂಸಖಂಡದ ನೀರು, ಕೊಬ್ಬು. ಇದು ಬೇಗ ತುಂಬುವಂಥದ್ದಲ್ಲ. ಸೆಕೆ, ಹೆದರಿಕೆ, ನಿಲ್ಲಲಾಗದ ಇಕ್ಕಟ್ಟು ಇದ್ದಾಗ ಈ ಎರಡನೆಯ ಇಳಿತ ಬೇಗ ಶುರುವಾಗುತ್ತದೆ. ತಕ್ಕಡಿಯಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಬಹಳ ಮಂದಿ ‘ಹೊಟ್ಟೆ ಖಾಲಿ, ಅಷ್ಟೆ’ ಎಂದು ಸುಮ್ಮನಾಗುತ್ತಾರೆ.

ಮಾಂಸಕ್ಕೂ ಇದರ ಪೆಟ್ಟು ಇದೆ. ದಣಿದು, ಹೆದರಿ ಬಂದ ಕುರಿಯ ಖಂಡದಲ್ಲಿ ಸಕ್ಕರೆಯ ದಾಸ್ತಾನು ತೀರಿರುತ್ತದೆ. ಕೊಯ್ದ ಮೇಲೆ ಮಾಂಸದಲ್ಲಿ ಹುಳಿ ಹುಟ್ಟುವುದು ಆ ಸಕ್ಕರೆಯಿಂದಲೇ. ಅದಿಲ್ಲದಿದ್ದರೆ ಮಾಂಸ ಕಪ್ಪಾಗಿ, ಗಟ್ಟಿಯಾಗಿ, ಬೇಗ ಕೆಡುವಂತೆ ಆಗುತ್ತದೆ. ಉಣ್ಣೆ ಹಿಡಿದು ಎಳೆದ ಕಡೆ, ಕೋಲಿನಲ್ಲಿ ಹೊಡೆದ ಕಡೆ ರಕ್ತ ಹೆಪ್ಪುಗಟ್ಟಿ, ಆ ಭಾಗವನ್ನು ಕತ್ತರಿಸಿ ಒಗೆಯಬೇಕಾಗುತ್ತದೆ.

ಯಾವುದನ್ನು ಹೇರಬಾರದು

ಸಂತೆಯಲ್ಲಿ ಹಲ್ಲು ನೋಡುವ ಕೈಯಲ್ಲೇ ಕಾಲು, ಕಣ್ಣು, ಮೂಗು, ಬಾಲದ ಬುಡ ನೋಡಿ. ಕುಂಟುವುದು, ಕುರುಡು, ಮೂಗು ಸೋರುವುದು, ಭೇದಿ ಹತ್ತಿದ್ದು, ಎಲುಬು ಕಾಣುವಷ್ಟು ಸೊರಗಿದ್ದು ಗಾಡಿ ಹತ್ತಬಾರದು. ದಿನ ತುಂಬಿದ ಕುರಿ, ಈದು ಮೂರು ದಿನವಾಗದ ಕುರಿ, ಹೊಕ್ಕುಳು ಒಣಗದ ಮರಿಗಳೂ ಅಷ್ಟೆ. ‘ಅಗ್ಗಕ್ಕೆ ಸಿಕ್ಕಿತು’ ಎಂದು ಕೊಂಡ ಒಂದು ನಿಶ್ಶಕ್ತ ಕುರಿ ಮೊದಲು ಕುಸಿಯುತ್ತದೆ, ಅದರ ಮೇಲೆ ಎರಡು ಬೀಳುತ್ತವೆ.

ಸಂತೆಗೆ ತರುವ ಹಿಂದಿನ ದಿನ ಉಪ್ಪು ತಿನ್ನಿಸಿ ನೀರು ಕುಡಿಸಿ ಹೊಟ್ಟೆ ಉಬ್ಬಿಸುವವರು, ಗೋವಿನಜೋಳದ ಕಾಳು ಹೊಟ್ಟೆ ಬಿರಿಯ ತಿನ್ನಿಸುವವರು ಇದ್ದಾರೆ. ಮೊದಲನೆಯದು ನಿಮ್ಮ ತೂಕದ ಲೆಕ್ಕವನ್ನು ಕೆಡಿಸುತ್ತದೆ. ಎರಡನೆಯದು ಕುರಿಯನ್ನೇ ಕೊಲ್ಲುತ್ತದೆ: ರೂಢಿ ಇಲ್ಲದ ಕಾಳು ಹೊಟ್ಟೆಯಲ್ಲಿ ಹುಳಿಯಾಗುತ್ತದೆ, ಕರುಳುಬೇನೆಯ ವಿಷ ಏರುತ್ತದೆ, ಮರುದಿನ ಗಾಡಿಯಲ್ಲೇ ಸಾಯುತ್ತದೆ. ಹೊಟ್ಟೆ ಡೋಲಿನಂತೆ ಬಿಗಿದಿದ್ದು, ಬೆನ್ನು ಮಾತ್ರ ಬತ್ತಿದ್ದರೆ ಅನುಮಾನಪಡಿ. ಹೊಟ್ಟೆ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ಒತ್ತಿ ನೋಡಿ. ಮಾಂಸ ಇರುವುದು ಅಲ್ಲಿ.

ಪಿಪಿಆರ್ (ಕುರಿ ಮೇಕೆಗಳ ಪ್ಲೇಗು) ಲಸಿಕೆ ಹಾಕಿಸಿದ ಮಂದೆಯಿಂದ ಕೊಳ್ಳುವುದು ಒಳ್ಳೆಯದು. ಆದರೆ ಲಸಿಕೆ ಕೆಲಸ ಮಾಡಲು ಎರಡು ಮೂರು ವಾರ ಬೇಕು. ಹೇರುವ ಬೆಳಿಗ್ಗೆ ಹಾಕಿಸಿದ ಲಸಿಕೆ ಆ ಪ್ರಯಾಣಕ್ಕೆ ಉಪಯೋಗವಿಲ್ಲ, ಕುರಿಗೆ ಇನ್ನೊಂದು ಭಾರ ಅಷ್ಟೆ.

ಗಾಡಿಗೆ ಎಷ್ಟು ಕುರಿ

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಸೇರಿದ 125ಇ ಪ್ರಕಾರ ಕುರಿ ಮೇಕೆಗೆ ತಲಾ 0.3 ಚದರ ಮೀಟರ್, ದನ ಎಮ್ಮೆಗೆ ತಲಾ 2 ಚದರ ಮೀಟರ್ ಜಾಗ ಬೇಕು. ಗಾಡಿಯೊಳಗೆ ಖಾಯಂ ಅಡ್ಡಗಟ್ಟು ಇರಬೇಕು, ಬೇರೆ ಸಾಮಾನು ಹೇರಬಾರದು. ಇದಲ್ಲದೆ 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ನಾಲ್ಕೂವರೆ, ಐದು ಟನ್ನಿನ ಲಾರಿಯಲ್ಲಿ 40ಕ್ಕಿಂತ ಹೆಚ್ಚು ಕುರಿ ಮೇಕೆ ಇರುವಂತಿಲ್ಲ.

ಸಂತೆಯಲ್ಲಿ ಯಾರೂ ಮೀಟರ್ ಲೆಕ್ಕ ಮಾಡುವುದಿಲ್ಲ, ಅಡಿಯಲ್ಲೇ ಮಾಡೋಣ. 0.3 ಚದರ ಮೀಟರ್ ಎಂದರೆ ಸುಮಾರು ಮೂರೂಕಾಲು ಚದರ ಅಡಿ. ಗಾಡಿಯ ಒಳಗಿನ ಉದ್ದ, ಅಗಲ ಟೇಪಿನಲ್ಲಿ ಅಳೆದು ಗುಣಿಸಿ, ಮೂರೂಕಾಲರಿಂದ ಭಾಗಿಸಿ. 8 ಅಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ಪಿಗೆ 44 ಚದರ ಅಡಿ, ಅಂದರೆ 13 ಕುರಿ. ಟಾಟಾ ಏಸ್ ಡಬ್ಬಿಗೆ 10. 14ಕ್ಕೆ 6 ಅಡಿಯ ಗಾಡಿಗೆ 25. ಉಳಿದ ಭಿನ್ನರಾಶಿಯನ್ನು ಮೇಲಕ್ಕೆ ತಿರುಗಿಸಬೇಡಿ. ಕೊಂಬಿನ ದೊಡ್ಡ ಟಗರುಗಳಿದ್ದರೆ, ಉಣ್ಣೆ ಕತ್ತರಿಸದ ಡೆಕ್ಕನಿ ಕುರಿಗಳಿದ್ದರೆ ಇನ್ನೂ ಒಂದೆರಡು ಕಡಿಮೆ ಮಾಡಿ.

ತೀರ ಕಡಿಮೆ ಹೇರಿದರೂ ತೊಂದರೆ ಇದೆ. ದೊಡ್ಡ ಲಾರಿಯಲ್ಲಿ ಹದಿನೈದು ಕುರಿ ಬಿಟ್ಟರೆ ಬ್ರೇಕ್ ಹಾಕಿದಾಗಲೆಲ್ಲ ಎಲ್ಲವೂ ಒಂದು ಮೂಲೆಗೆ ಹೋಗಿ ಬೀಳುತ್ತವೆ. ಅದಕ್ಕೇ ಅಡ್ಡಗಟ್ಟು. ಪ್ರತಿ ಎರಡು ಮೂರು ಮೀಟರಿಗೆ ಒಂದು ಅಡ್ಡ ಚೌಕಟ್ಟು ಹಾಕಿ, ಖಾಲಿ ಖಾನೆಯನ್ನು ಖಾಲಿಯೇ ಬಿಡಿ. ಖಾನೆ ಇಲ್ಲದ ಲಾರಿಯಲ್ಲಿ ಸಾಯುವ ಕುರಿಗಳಲ್ಲಿ ಬಹಳಷ್ಟು ಮುಂಭಾಗದಲ್ಲಿ, ಕ್ಯಾಬಿನ್ನಿಗೆ ಒತ್ತಿಕೊಂಡು ಉಸಿರುಗಟ್ಟಿ ಸತ್ತವು.

ಎರಡಂತಸ್ತಿನ ಗಾಡಿ ಕಟ್ಟಿಸಿದ್ದರೆ ಎರಡು ವಿಷಯ ನೋಡಿ. ಟಗರು ತಲೆ ಎತ್ತಿ ನಿಂತಾಗ ತಲೆಯ ಮೇಲೆ ಒಂದು ಗೇಣು ಖಾಲಿ ಇರಬೇಕು. ಮೇಲಿನ ಹಲಗೆಯಿಂದ ಮೂತ್ರ ಕೆಳಗೆ ಸೋರಬಾರದು. ಮೂತ್ರದ ಘಾಟು ತುಂಬಿದ ಕೆಳಗಿನ ಅಂತಸ್ತಿನ ಕುರಿಗಳಿಗೆ ಕಣ್ಣು ಉರಿದು, ಎದೆ ಕಟ್ಟಿ, ಊರು ಮುಟ್ಟಿದ ಮೂರನೆಯ ನಾಲ್ಕನೆಯ ದಿನ ಕೆಮ್ಮು ಜ್ವರ ಶುರುವಾಗುತ್ತದೆ.

ನೆಲ, ಪಕ್ಕ, ಇಳಿಜಾರು

ತಗಡಿನ ನೆಲದ ಮೇಲೆ ಒಂದು ಹನಿ ಮೂತ್ರ ಬಿದ್ದರೆ ಗೊರಸು ನಿಲ್ಲುವುದಿಲ್ಲ. ನಿಯಮ ಹೇಳುವುದು ಕನಿಷ್ಠ 5 ಸೆಂ.ಮೀ. ಹಾಸು. ನಮ್ಮ ಕಡೆ ಕಬ್ಬಿನ ರವದಿ ಹೇರಳ. ಅದು ಅಗ್ಗ, ಆದರೆ ಒಂದೇ ಹಾಸಿದರೆ ಜಾರುತ್ತದೆ. ಕೆಳಗೆ ಒಂದಿಂಚು ಮರಳು ಇಲ್ಲವೆ ನಾರಿನ ಚಾಪೆ, ಅದರ ಮೇಲೆ ರವದಿ ಇಲ್ಲವೆ ತೊಗರಿ ಹೊಟ್ಟು. ಹಾಸು ಹೀರಬೇಕು, ಹಿಡಿತವನ್ನೂ ಕೊಡಬೇಕು. ಪಕ್ಕದ ಪಟ್ಟಿಗಳ ನಡುವೆ ಕಾಲು ಸಿಕ್ಕಿ ಮುರಿಯುವ ಸಂದು ಇದ್ದರೆ ಕೆಳಗಿನ ಎರಡು ಅಡಿಗೆ ಹಲಗೆ ಹೊಡೆಯಿರಿ, ಮೇಲೆ ಗಾಳಿಗೆ ತೆರೆದಿಡಿ. ಮೊಳೆ ತಲೆ, ತಂತಿ ತುದಿ ಎದ್ದಿದೆಯೇ ಎಂದು ಬರಿಗೈ ಆಡಿಸಿ ನೋಡಿ.

ಹತ್ತಿಸುವ ಹಲಗೆಯೇ ಹೆಚ್ಚು ಪೆಟ್ಟಿನ ಜಾಗ. ಲಾರಿಯ ನೆಲ 4 ಅಡಿ ಎತ್ತರವಿದ್ದರೆ ಹಲಗೆ 10 ಅಡಿಗೆ ಕಡಿಮೆ ಇರಬಾರದು. ಆರಡಿಯ ಹಲಗೆ ಇಟ್ಟು ಕುರಿ ಹತ್ತುವುದಿಲ್ಲ ಎಂದು ಹೊಡೆದರೆ ತಪ್ಪು ಕುರಿಯದಲ್ಲ. ಗೇಣಿಗೊಂದರಂತೆ ಅಡ್ಡಪಟ್ಟಿ ಹೊಡೆದು, ಎರಡೂ ಬದಿಗೆ ಗೋಣಿತಾಟು ಕಟ್ಟಿ. ಹೊರಗೆ ಕಾಣದಿದ್ದರೆ ಕುರಿ ಪಕ್ಕಕ್ಕೆ ಜಿಗಿಯುವುದಿಲ್ಲ. ಹಲಗೆಯೇ ಇಲ್ಲದ ಕಡೆ ಹೊಲದ ಒಡ್ಡಿಗೋ ದಿಬ್ಬಕ್ಕೋ ಗಾಡಿಯ ಹಿಂಭಾಗ ತಾಗಿಸಿ ನಿಲ್ಲಿಸಿದರೆ ಕೆಲಸ ಆಗುತ್ತದೆ.

ಕುರಿ ಕತ್ತಲೆಗೆ ನುಗ್ಗುವುದಿಲ್ಲ, ಬೆಳಕಿನ ಕಡೆ ನಡೆಯುತ್ತದೆ. ಸಂಜೆಯ ಮೇಲೆ ಹೇರುವಾಗ ಗಾಡಿಯ ಒಳಗೆ, ಮುಂಭಾಗದಲ್ಲಿ ಒಂದು ಬಲ್ಬು ಹಚ್ಚಿ. ಕುರಿ ಏರುವಾಗ ಅದರ ಕಣ್ಣಿಗೆ ನೇರ ಟಾರ್ಚು ಹಿಡಿಯಬೇಡಿ. ಕುರಿಗಾರರು ಮಂದೆಯ ಮುಂದೆ ಒಂದು ಆಡು ನಡೆಸುವುದು ಸುಮ್ಮನೆ ಅಲ್ಲ: ಪಳಗಿದ ಒಂದು ಆಡನ್ನು ಮೊದಲು ಹತ್ತಿಸಿದರೆ ಹಿಂದಿನವು ತಾವಾಗಿ ಬರುತ್ತವೆ. ಕಿವಿ, ಕೊಂಬು, ಉಣ್ಣೆ, ಒಂಟಿ ಕಾಲು ಹಿಡಿದು ಎತ್ತಬಾರದು. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ತೊಡೆಯ ಹಿಂದೆ. ಕಾಲು ಕಟ್ಟಿ ಮಲಗಿಸಿ ಒಯ್ಯುವುದು ನಿಯಮಕ್ಕೂ ವಿರುದ್ಧ, ಬುದ್ಧಿಗೂ ವಿರುದ್ಧ. ಮಲಗಿದ ಕುರಿಯ ಹೊಟ್ಟೆಯ ಗಾಳಿ ತೇಗಾಗಿ ಹೊರಬರಲಾರದೆ ಉಬ್ಬರವಾಗುತ್ತದೆ.

ಕೊಂಬಿನ ಟಗರು ಒಂದು ಖಾನೆ, ಹೆಣ್ಣು ಕುರಿ ಒಂದು, ಮರಿ ಒಂದು, ಆಡು ಮೇಕೆ ಬೇರೆ. ಬೇರೆ ಬೇರೆ ಮಂದೆಯ ಟಗರುಗಳನ್ನು ಒಂದೇ ಖಾನೆಗೆ ಬಿಟ್ಟರೆ ದಾರಿಯುದ್ದಕ್ಕೂ ಗುದ್ದಾಟ.

ಮೇವು, ನೀರು

ಹೇರುವ ಹಿಂದಿನ ದಿನ ಒಣಮೇವು ಕೊಡಿ. ಜೋಳದ ಕಣಕಿ, ಶೇಂಗಾ ಹೊಟ್ಟು, ತೊಗರಿ ಹೊಟ್ಟು ಯಾವುದಾದರೂ ಸರಿ. ಹಸಿ ಮೇವು ಬೇಡ. ಸಗಣಿ ತೆಳುವಾಗಿ ನೆಲ ಜಾರುತ್ತದೆ, ಒಂದನ್ನೊಂದು ಕೊಳೆ ಮಾಡುತ್ತವೆ. ಹೇರುವ ನಾಲ್ಕೈದು ಗಂಟೆ ಮೊದಲು ಮೇವು ನಿಲ್ಲಿಸಿ, ನೀರು ಮಾತ್ರ ಗಾಡಿ ಹತ್ತುವ ತನಕ ಇರಲಿ.

ಬೆಳಗಾವಿಯಿಂದ ಮುಂಬೈ ಸುಮಾರು 480 ಕಿ.ಮೀ. ಬಾಗಲಕೋಟೆ ಕಡೆಯಿಂದ ಹೊರಟವರಿಗೆ ಒಟ್ಟು ಹದಿನಾಲ್ಕು ಗಂಟೆಗೆ ಕಡಿಮೆ ಆಗುವುದಿಲ್ಲ. ನಡುವೆ ಒಮ್ಮೆ ನೀರು ಕುಡಿಸಲೇಬೇಕು. ಒಂದು ಸಲಕ್ಕೆ ಕುರಿಗೆ 2 ಲೀಟರ್ ಹಿಡಿದರೆ 40ಕ್ಕೆ 80 ಲೀಟರ್. ಢಾಬಾದಲ್ಲಿ ಸಿಕ್ಕೀತು ಎಂದು ನಂಬಿ ಹೋಗಬೇಡಿ, ಕ್ಯಾನುಗಳನ್ನು ತುಂಬಿಕೊಂಡೇ ಹೊರಡಿ. ಕೊಕ್ಕೆ ಹಾಕಿ ಪಕ್ಕಕ್ಕೆ ತೂಗುಬಿಡುವ ಉದ್ದನೆಯ ಪ್ಲಾಸ್ಟಿಕ್ ತೊಟ್ಟಿ ಖಾನೆಗೊಂದು ಇದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ದಾರಿ ಬದಿಯ ಹೊಲಕ್ಕೆ ಇಳಿಸಿ ಮೇಯಿಸುವ ಆಸೆ ಬೇಡ. ಕೊಯ್ದ ಜೋಳದ ಕೂಳೆಯಲ್ಲಿ ಮರಳಿ ಒಡೆದ ಎಳೆ ಚಿಗುರಿನಲ್ಲಿ ಸಯನೈಡ್ ವಿಷ ಹುಟ್ಟುವ ಅಂಶ ಹೆಚ್ಚು. ಹಸಿದ ಕುರಿ ನಾಲ್ಕು ಬಾಯಿ ತಿಂದರೂ ಸಾಯಬಹುದು, ಅದೂ ನಿಮಿಷಗಳಲ್ಲಿ.

ದಾರಿಯಲ್ಲಿ

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮಧ್ಯಾಹ್ನದ ಸಂತೆ ಮುಗಿದ ಕೂಡಲೇ ಹೇರುವುದು ತಪ್ಪು. ಮರದ ನೆರಳಲ್ಲಿ ನಿಲ್ಲಿಸಿ, ನೀರು ಕೊಟ್ಟು, ಹೊತ್ತು ಇಳಿದ ಮೇಲೆ ಹೇರಿ ರಾತ್ರಿ ಓಡಿಸಿ. ಓಡುವ ಗಾಡಿಯಲ್ಲಿ ಗಾಳಿ ಇರುತ್ತದೆ. ನಿಂತ ಗಾಡಿ ಒಲೆ. ತುಂಬಿದ ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿ ಚಾಲಕ ಊಟಕ್ಕೆ ಕೂತರೆ ಅರ್ಧ ಗಂಟೆಯಲ್ಲೇ ಕುರಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ. ನಾಲಿಗೆ ಹೊರಬಿದ್ದಿದ್ದರೆ ತಡಮಾಡಬೇಡಿ: ನೆರಳು, ಗಾಳಿ, ಕಾಲು ಮತ್ತು ಹೊಟ್ಟೆಯ ಕೆಳಭಾಗಕ್ಕೆ ನೀರು. ಉಣ್ಣೆಯ ಬೆನ್ನಿಗೆ ಬರೀ ಚಿಮುಕಿಸಿದರೆ ಉಣ್ಣೆ ನೆನೆದು ಧಗೆ ಒಳಗೇ ಉಳಿಯುತ್ತದೆ.

ಹೊರಟು ಮೊದಲ ಅರ್ಧ ಗಂಟೆಗೆ ಒಮ್ಮೆ ನಿಲ್ಲಿಸಿ ಪ್ರತಿ ಖಾನೆ ನೋಡಿ. ಕುರಿಗಳು ಕಾಲು ಊರಿ ಹೊಂದಿಕೊಳ್ಳುವ ಹೊತ್ತು ಅದು, ಬೀಳುವುದೂ ಆಗಲೇ. ಬಿದ್ದದ್ದನ್ನು ಎಬ್ಬಿಸಿ. ಆಮೇಲೆ ಎರಡು ಗಂಟೆಗೊಮ್ಮೆ ಹತ್ತು ನಿಮಿಷ. ನೋಡಿಕೊಳ್ಳುವ ಒಬ್ಬ ಆಳು ಚಾಲಕನ ಜೊತೆ ಇರಲೇಬೇಕು. ಚಾಲಕನೇ ಎರಡೂ ಮಾಡುತ್ತಾನೆ ಎಂದರೆ ಯಾರೂ ಮಾಡುವುದಿಲ್ಲ ಎಂದೇ ಅರ್ಥ.

ಗೋವಾಕ್ಕೆ ಚೋರ್ಲಾ ಘಾಟಿನಲ್ಲಿ ಇಳಿಯುವಾಗ ವೇಗ 25, 30 ದಾಟದಿರಲಿ. ತಿರುವಿನ ಮೊದಲು ಬ್ರೇಕ್, ತಿರುವಿನಲ್ಲಿ ಅಲ್ಲ. ಮಳೆಗಾಲದಲ್ಲಿ ತಾಡಪಾಲು ಮೇಲ್ಭಾಗಕ್ಕೆ ಮಾತ್ರ ಕಟ್ಟಿ. ಪಕ್ಕಗಳನ್ನೂ ಮುಚ್ಚಿದರೆ ಹೊರಗೆ ತಂಪಿದ್ದರೂ ಒಳಗೆ ಹಬೆಯಾಗುತ್ತದೆ. ಉಣ್ಣೆ ಕತ್ತರಿಸಿ ವಾರವಾಗದ ಕುರಿಗಳನ್ನು ಆ ಮಳೆಗೆ ಒಯ್ಯಬೇಡಿ, ಚಳಿಗೆ ಸೆಟೆಯುತ್ತವೆ.

ಬಾಡಿಗೆ ಮಾತಾಡುವಾಗ

ಮೇಲಿನದೆಲ್ಲವೂ ಹಾಳಾಗುವುದು ಬಾಡಿಗೆಯ ಕರಾರಿನಲ್ಲಿ. ತಲೆಗೆ ಇಷ್ಟು ಎಂದು ಬಾಡಿಗೆ ಮಾತಾಡಿದರೆ ಗಾಡಿಯವನಿಗೆ ಹೆಚ್ಚು ತುಂಬಿದಷ್ಟೂ ಲಾಭ, ಸತ್ತರೆ ನಷ್ಟ ನಿಮ್ಮದು. ಜಾಗದ ಲಾಭ ಒಬ್ಬರಿಗೆ, ಸಾವಿನ ನಷ್ಟ ಇನ್ನೊಬ್ಬರಿಗೆ ಆದ ಕಡೆಯಲ್ಲೆಲ್ಲ ಪ್ರಾಣಿ ನರಳಿದೆ. ಸಮುದ್ರದ ಮೇಲಿನ ದೊಡ್ಡ ವ್ಯಾಪಾರವೂ ಇದೇ ಲೆಕ್ಕದಲ್ಲಿ ಎಡವಿತು. 2017ರ ಆಗಸ್ಟಿನಲ್ಲಿ ಆಸ್ಟ್ರೇಲಿಯಾದಿಂದ ಕೊಲ್ಲಿ ದೇಶಗಳಿಗೆ ಹೋದ ಅವಾಸಿ ಎಕ್ಸ್‌ಪ್ರೆಸ್ ಹಡಗಿನಲ್ಲಿ ಸುಮಾರು 2,400 ಕುರಿಗಳು ಧಗೆಗೆ ಸತ್ತವು. ಹಡಗಿನೊಳಗಿನ ದೃಶ್ಯ ಮರುವರ್ಷ ಹೊರಬಿದ್ದ ಮೇಲೆ ಜನ ಸುಮ್ಮನಿರಲಿಲ್ಲ. 2024ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು: 2028ರ ಮೇ 1ರಿಂದ ಜೀವಂತ ಕುರಿಗಳನ್ನು ಹಡಗಿನಲ್ಲಿ ರಫ್ತು ಮಾಡುವಂತಿಲ್ಲ. ನ್ಯೂಜಿಲೆಂಡ್ 2023ರ ಏಪ್ರಿಲ್ 30ಕ್ಕೇ ಸಮುದ್ರದ ಮೂಲಕ ಜಾನುವಾರು ರಫ್ತು ನಿಲ್ಲಿಸಿತು. ವ್ಯಾಪಾರ ತಾನೇ ಸರಿಮಾಡಿಕೊಳ್ಳದ್ದನ್ನು ಕಾನೂನು ಬಂದು ನಿಲ್ಲಿಸಿತು.

ನಮ್ಮ ಅಳತೆಯಲ್ಲಿ ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬಾಡಿಗೆ ಟ್ರಿಪ್ಪಿಗೆ ಇಷ್ಟು ಎಂದೇ ಮಾತಾಡಿ. ಅರ್ಧ ಹೇರುವಾಗ, ಉಳಿದರ್ಧ ಇಳಿಸಿ ಎಣಿಸಿದ ಮೇಲೆ. ಒಂದೂ ಸಾಯದೆ, ಒಂದೂ ಕುಂಟದೆ ತಲುಪಿದರೆ ಚಾಲಕನಿಗೂ ಆಳಿಗೂ ಸೇರಿ ಒಂದು ಸಾವಿರ ಇನಾಮು. ಮೊದಲಿನ ಲೆಕ್ಕದಲ್ಲಿ ಅದು ಎರಡೂವರೆ ಕಿಲೊ ಜೀವತೂಕದ ಬೆಲೆ. ಬಕ್ರೀದಿನ ಮುಂದೆ ಗಾಡಿ ಸಿಗದೆ ಎಲ್ಲರೂ ತುರುಕುವ ವಾರದಲ್ಲಿ ಈ ಕರಾರಿಗೆ ಗಟ್ಟಿಯಾಗಿ ನಿಲ್ಲಬೇಕು. ಇಬ್ಬರು ಮೂವರು ಖರೀದಿದಾರರು ಕೂಡಿ ಎರಡು ಗಾಡಿ ಮೊದಲೇ ಗೊತ್ತು ಮಾಡಿಕೊಂಡರೆ ಆ ವಾರವೂ ಸಲೀಸು.

ಕಾಗದಗಳು: ಪಶುವೈದ್ಯರು ಕೊಟ್ಟ ಆರೋಗ್ಯ ಪ್ರಮಾಣಪತ್ರ, ಸಂತೆಯ ಖರೀದಿ ರಸೀದಿ, ಗಾಡಿಯ ದಾಖಲೆ. ಮಹಾರಾಷ್ಟ್ರ ಗಡಿಯ ಕೊಗನೊಳ್ಳಿ ದಾಟುವಾಗ ಇವು ಕೈಗೆ ಸಿಗುವಂತಿರಲಿ. ಕಾಗದ ಹುಡುಕುವ ಅರ್ಧ ಗಂಟೆ ಕುರಿಗಳು ನಿಂತ ಗಾಡಿಯಲ್ಲಿ ಇರುತ್ತವೆ.

ಎತ್ತು ಒಯ್ಯುವವರಿಗೆ

ವಿಜಯಪುರದ ಸಿದ್ದೇಶ್ವರ ಜಾತ್ರೆಯಲ್ಲಿ ಖಿಲ್ಲಾರಿ ಜೋಡಿ ಕೊಂಡು ಊರಿಗೆ ಒಯ್ಯುವವರಿಗೆ ಇಷ್ಟು ಸಾಕು. ಒಂದು ಎತ್ತಿಗೆ ಇಪ್ಪತ್ತೊಂದೂವರೆ ಚದರ ಅಡಿ ಬೇಕು, ಲಾರಿ ಎಷ್ಟೇ ದೊಡ್ಡದಾದರೂ ಆರಕ್ಕಿಂತ ಹೆಚ್ಚಿಲ್ಲ. ಮುಖ ಎಂಜಿನ್ನಿನ ಕಡೆ ಇರಲಿ. ಮೂಗುದಾರವನ್ನು ಎಂದೂ ಗಾಡಿಗೆ ಕಟ್ಟಬೇಡಿ, ಒಂದು ಜೋರು ಬ್ರೇಕಿಗೆ ಮೂಗು ಹರಿಯುತ್ತದೆ. ಕೊರಳ ಹಗ್ಗವನ್ನು ಎತ್ತು ತಲೆ ತಗ್ಗಿಸುವಷ್ಟು ಸಡಿಲ ಬಿಟ್ಟು, ತುದಿ ಎಳೆದರೆ ಬಿಚ್ಚುವ ಗಂಟು ಹಾಕಿ. ಜೋಡಿಯನ್ನು ಅಗಲಿಸದೆ ಅಕ್ಕಪಕ್ಕ ನಿಲ್ಲಿಸಿದರೆ ಎರಡೂ ಸಮಾಧಾನವಾಗಿರುತ್ತವೆ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ ಇರುವುದರಿಂದ ಉಳುಮೆಗೆ ಒಯ್ಯುವ ಎತ್ತಿಗೂ ಖರೀದಿ ರಸೀದಿ, ವೈದ್ಯರ ಪ್ರಮಾಣಪತ್ರ, ಕಿವಿಯ 12 ಅಂಕಿಯ ಬಿಲ್ಲೆ ಮೂರೂ ಸರಿಯಿರಬೇಕು.

ಇಳಿಸಿದ ಮೇಲೆ

ಇಳಿಸುವಾಗಲೂ ಅದೇ ಹಲಗೆ, ಅದೇ ನಿಧಾನ. ದಣಿದ ಕುರಿ ಮೇಲಿಂದ ಹಾರಿದರೆ ಮುಂಗಾಲು ಮುರಿಯುತ್ತದೆ. ಮೊದಲು ನೀರು, ಸ್ವಲ್ಪ ಸ್ವಲ್ಪವೇ: 10 ಲೀಟರ್ ನೀರಿಗೆ 200 ಗ್ರಾಂ ಬೆಲ್ಲ, 30 ಗ್ರಾಂ ಉಪ್ಪು ಕರಗಿಸಿ. ಆಮೇಲೆ ಒಣಹೊಟ್ಟು. ಕಾಳು, ಹಿಂಡಿ ಎರಡು ದಿನ ಬೇಡ. ಸಾಕಲು ತಂದವನ್ನು ಮೂರು ವಾರ ಹಳೆಯ ಮಂದೆಗೆ ಸೇರಿಸಬೇಡಿ. ಪ್ರಯಾಣದ ದಣಿವಿನಲ್ಲಿ ಅಡಗಿದ್ದ ಬೇನೆ ಹೊರಬರುವುದು ಆ ದಿನಗಳಲ್ಲೇ.

ಕಡೆಗೆ ಒಂದು ನೋಟ್‌ಬುಕ್. ಪ್ರತಿ ಟ್ರಿಪ್ಪಿನಲ್ಲಿ ಬೇರೆ ಬೇರೆ ಖಾನೆಯ ಐದು ಟಗರಿಗೆ ಬೆನ್ನ ಮೇಲೆ ಬಣ್ಣ ಹಚ್ಚಿ, ಹೇರುವ ಮುಂಚೆ ಒಮ್ಮೆ, ಇಳಿಸಿದ ಕೂಡಲೇ ಒಮ್ಮೆ ತೂಗಿ ಬರೆಯಿರಿ. ಜೊತೆಗೆ ಕುರಿ ಎಷ್ಟು, ಎಷ್ಟು ಗಂಟೆ, ಎಲ್ಲಿ ನೀರು ಕುಡಿಸಿದ್ದು. ಹನ್ನೆರಡು ಗಂಟೆಯ ದಾರಿಗೆ ನೂರಕ್ಕೆ 8ಕ್ಕಿಂತ ಹೆಚ್ಚು ಇಳಿದಿದ್ದರೆ ಸಂತೆಯಲ್ಲೇ ನೀರು ಕುಡಿಸಿ ಉಬ್ಬಿಸಿದ ಕುರಿ ಕೊಂಡಿರಬಹುದು, ಇಲ್ಲವೆ ದಾರಿಯಲ್ಲಿ ಧಗೆ ಹತ್ತಿರಬಹುದು. ಎಲ್ಲ ಖಾನೆಯವೂ ಒಂದೇ ಸಮ ಇಳಿದಿದ್ದರೆ ಮೊದಲನೆಯದನ್ನು, ಮುಂದಿನ ಖಾನೆಯವು ಮಾತ್ರ ಹೆಚ್ಚು ಇಳಿದಿದ್ದರೆ ಕ್ಯಾಬಿನ್ನಿನ ಹಿಂದೆ ಗಾಳಿ ಆಡದಿರುವುದನ್ನು ಮೊದಲು ನೋಡಿ.